ಹೊಸ ಉಪಕರಣಕ್ಕೆ ಕಾರ್ಖಾನೆಯಲ್ಲೇ ಯಾವ ಐಪಿ ವಿಳಾಸ ಬರೆದಿಡಬೇಕು?

ಕಂಪ್ಯೂಟರನ್ನೋ ನೆಟ್‌ವರ್ಕ್ ಉಪಕರಣವನ್ನೋ ತಯಾರಿಸಿ ಮಾರುವವರು, ಅದರಲ್ಲಿ ಮೊದಲೇ ಬರೆದಿಟ್ಟ ಐಪಿ ವಿಳಾಸವನ್ನು ಕೊಂಡವರು ಎಂದೂ ಬದಲಾಯಿಸುವುದಿಲ್ಲ ಎಂದುಕೊಂಡೇ ಕೆಲಸ ಆರಂಭಿಸಬೇಕು. ಆದ್ದರಿಂದ ಸ್ಥಿರ ವಿಳಾಸ ನಿಜವಾಗಿ ಬೇಕೇ ಎಂಬುದನ್ನು ಮೊದಲು ವಿಚಾರಿಸಿರಿ. ಸಾಮಾನ್ಯ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾಗಳಿಗೆ ಅದು ಬೇಡ. ಅವು ಡಿಎಚ್‌ಸಿಪಿ (ಜಾಲಕ್ಕೆ ಸೇರಿದ ಉಪಕರಣಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಮೂಲಕ ವಿಳಾಸ ಕೇಳಿ ಪಡೆಯಲಿ.

ಡಿಎಚ್‌ಸಿಪಿ ಉತ್ತರ ಬಾರದಿದ್ದರೆ, 2005ರ ಆರ್‌ಎಫ್‌ಸಿ 3927 (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್‌ನ ಪದ್ಧತಿಗಳನ್ನು ಬರೆದಿಡುವ ದಾಖಲೆ) ಹೇಳುವಂತೆ, ಉಪಕರಣವು 169.254.1.0ರಿಂದ 169.254.254.255ರವರೆಗಿನ ಒಂದು ವಿಳಾಸವನ್ನು ಯಾದೃಚ್ಛಿಕವಾಗಿ ಆರಿಸಿ, ಅದು ಬೇರೆಯವರ ಬಳಿ ಇದೆಯೇ ಎಂದು ಎಆರ್‌ಪಿ (ಒಂದು ವಿಳಾಸ ಯಾರದೆಂದು ಜಾಲದಲ್ಲಿರುವ ಎಲ್ಲರನ್ನೂ ಕೇಳುವ ವಿಧಾನ) ಮೂಲಕ ಕೇಳಿ, ಯಾರೂ ಉತ್ತರಿಸದಿದ್ದರೆ ಮಾತ್ರ ಬಳಸಬೇಕು. ಈ ವಿಳಾಸಗಳನ್ನು ರೌಟರುಗಳು ಹೊರಗೆ ಸಾಗಿಸಬಾರದೆಂಬ ನಿಯಮವಿರುವುದರಿಂದ ತೊಂದರೆಯಾದರೂ ಅದೇ ಜಾಲದೊಳಗೆ ಉಳಿಯುತ್ತದೆ. ಇಲ್ಲಿ ಸುಲಭವಾಗಿ ಕಣ್ತಪ್ಪುವ ಸಂಗತಿಯೊಂದಿದೆ: ಯಾದೃಚ್ಛಿಕ ಸಂಖ್ಯೆಯ ಬೀಜವನ್ನು (ಅದನ್ನು ಲೆಕ್ಕ ಹಾಕಲು ಬಳಸುವ ಆರಂಭದ ಸಂಖ್ಯೆ) ಆಯಾ ಉಪಕರಣದ ಮ್ಯಾಕ್ ವಿಳಾಸದಿಂದ (ಪ್ರತಿ ಉಪಕರಣಕ್ಕೂ ತಯಾರಕರು ಕೊಡುವ ಪ್ರತ್ಯೇಕ ಗುರುತು) ತೆಗೆಯದೆ ಎಲ್ಲದಕ್ಕೂ ಒಂದೇ ಬೀಜವಿಟ್ಟರೆ, ಒಂದೇ ಪೆಟ್ಟಿಗೆಯಿಂದ ಬಂದ ಯಂತ್ರಗಳೆಲ್ಲ ಒಂದೇ ವಿಳಾಸಕ್ಕೆ ಕೈ ಹಾಕುತ್ತವೆ.

ತಾನೇ ವಿಳಾಸ ಹಂಚಬೇಕಾದ ರೌಟರಿನಂಥ ಉಪಕರಣಕ್ಕೆ ಸ್ಥಿರ ವಿಳಾಸ ಅನಿವಾರ್ಯ. ಅದನ್ನು 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆಂದು ಮೀಸಲಿಟ್ಟ 10.0.0.0/8, 172.16.0.0/12, 192.168.0.0/16 ಎಂಬ ಮೂರು ಗುಂಪುಗಳಿಂದಲೇ ಆರಿಸಬೇಕು (ಓರೆಗೆರೆಯ ನಂತರದ ಸಂಖ್ಯೆ, ಗುಂಪಿನ ವಿಳಾಸಗಳಿಗೆಲ್ಲ ಸಮಾನವಾದ ಆರಂಭದ ಬಿಟ್‌ಗಳೆಷ್ಟು ಎಂಬುದನ್ನು ಹೇಳುತ್ತದೆ). ಅವುಗಳಲ್ಲೂ 192.168.0 ಮತ್ತು 192.168.1ರಿಂದ ಆರಂಭವಾಗುವ ಜಾಲಗಳು ಮನೆಮನೆಯಲ್ಲಿವೆ, 172.17.0.0/16 ಡಾಕರ್ ಎಂಬ ತಂತ್ರಾಂಶದ ರೂಢಿಯ ಜಾಲ. ಇಂಟರ್‌ನೆಟ್ ಸಂಸ್ಥೆಯ ಮೋಡೆಮ್‌ಗೆ ನಿಮ್ಮ ರೌಟರನ್ನು ಜೋಡಿಸಿದಾಗ ಎರಡೂ ಕಡೆ ಒಂದೇ ಜಾಲವಿದ್ದರೆ, ಪ್ಯಾಕೆಟ್ ಯಾವ ಕಡೆ ಹೋಗಬೇಕೆಂಬುದು ರೌಟರಿಗೇ ತಿಳಿಯುವುದಿಲ್ಲ. 192.168.147.1ರಂಥ ಅಪರೂಪದ ಸಂಖ್ಯೆ ವಾಸಿ. 10ರ ಗುಂಪನ್ನು ಆರಿಸಿದರೂ ಮಾಸ್ಕ್ (ತನ್ನ ಜಾಲ ಎಷ್ಟು ದೊಡ್ಡದೆಂದು ಉಪಕರಣಕ್ಕೆ ಹೇಳುವ ಸಂಖ್ಯೆ) 255.255.255.0 ಇರಲಿ, ಇಡೀ ಗುಂಪನ್ನೇ ತನ್ನದೆಂದುಕೊಂಡ ಉಪಕರಣಕ್ಕೆ ಕಚೇರಿಯ ಉಳಿದ 10ರ ಜಾಲಗಳು ತಲುಪವು.

ಸಾರ್ವಜನಿಕ ವಿಳಾಸವನ್ನು, ಅದು ಈಗ ಖಾಲಿಯಿದೆ ಎಂದು ಕಂಡರೂ, ಖಂಡಿತ ಬಳಸಬಾರದು. ಹಲವು ಉಪಕರಣಗಳು ಒಳಬಳಕೆಗೆ 1.1.1.1 ಇಟ್ಟುಕೊಂಡಿದ್ದವು, 2018ರ ಏಪ್ರಿಲ್‌ನಲ್ಲಿ ಕ್ಲೌಡ್‌ಫ್ಲೇರ್ ಆ ವಿಳಾಸದಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ) ಸೇವೆ ತೆರೆದಾಗ ಅಂಥ ಜಾಲಗಳಲ್ಲಿದ್ದವರಿಗೆ ಆ ಸೇವೆ ಸಿಗಲಿಲ್ಲ. ಸಮಯ ಕೇಳುವ ಸರ್ವರಿನ ವಿಳಾಸಕ್ಕೂ ಇದೇ ಎಚ್ಚರಿಕೆ ಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿನ ವಿಳಾಸವನ್ನು ನೆಟ್‌ಗೇರ್ ತನ್ನ ಕೆಲವು ರೌಟರುಗಳ ಫರ್ಮ್‌ವೇರ್‌ನಲ್ಲಿ (ಉಪಕರಣದೊಳಗೇ ಇರುವ ತಂತ್ರಾಂಶ) ನೇರವಾಗಿ ಬರೆದಿತ್ತು. ಉತ್ತರ ಬಾರದಿದ್ದರೆ ಅವು ಪ್ರತಿ ಸೆಕೆಂಡಿಗೂ ಮತ್ತೆ ಕೇಳುತ್ತಿದ್ದವು. 2003ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್‌ಗಳು ಬಂದು ಬಿದ್ದವು. ವಿಳಾಸದ ಬದಲು ನಿಮ್ಮದೇ ಡೊಮೇನಿನ ಹೆಸರನ್ನು ಬರೆದಿದ್ದರೆ ಮುಂದೆ ಅದನ್ನು ಬೇರೆಡೆಗೆ ತಿರುಗಿಸಬಹುದು.

ಕೈಪಿಡಿಯ ಉದಾಹರಣೆಗಳಿಗೆ 192.0.2.0/24 ಇದೆ, ಅದು ಮುದ್ರಣಕ್ಕಷ್ಟೇ, ಯಂತ್ರಕ್ಕಲ್ಲ. 100.64.0.0/10 ಇಂಟರ್‌ನೆಟ್ ಸಂಸ್ಥೆಗಳ ಒಳಬಳಕೆಯದು, ಅದನ್ನೂ ಮುಟ್ಟಬೇಡಿ. ಐಪಿವಿ6ರಲ್ಲಿ (ಉದ್ದ ವಿಳಾಸಗಳಿರುವ ಐಪಿಯ ಹೊಸ ಆವೃತ್ತಿ) ಸ್ಥಳೀಯ ಪೂರ್ವಪ್ರತ್ಯಯ, ಅಂದರೆ ಒಳಜಾಲದ ವಿಳಾಸಗಳ ಆರಂಭದ ಭಾಗ, ಬೇಕಿದ್ದರೆ ಅದರ 40 ಬಿಟ್‌ಗಳ ಯಾದೃಚ್ಛಿಕ ಭಾಗವನ್ನು ಪ್ರತಿ ಉಪಕರಣವೂ ಮೊದಲ ಬಾರಿ ಚಾಲೂ ಆದಾಗ ತಾನೇ ತಯಾರಿಸಲಿ.

ಸರಕು ಕಳಿಸುವ ಮೊದಲು, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಎರಡು ಉಪಕರಣಗಳನ್ನು ಡಿಎಚ್‌ಸಿಪಿ ಇಲ್ಲದ ಒಂದೇ ಸ್ವಿಚ್‌ಗೆ ಜೋಡಿಸಿ ಅವುಗಳ ವಿಳಾಸಗಳನ್ನು ಹೋಲಿಸಿ ನೋಡಿರಿ.