ಸಿಂಗಪುರವೋ ಜಪಾನೋ? ಬಾಡಿಗೆಗಿಂತ ಮೊದಲು ಜನವರಿ 1 ನೋಡಿ

ದಾವಣಗೆರೆಯಿಂದ ಹೊರಡುವ ಹುಡುಗರು ಈಗೀಗ ಎರಡೆರಡು ಆಫರ್ ಹಿಡಿದುಕೊಂಡು ಬರುತ್ತಾರೆ. ಒಂದು ಸಿಂಗಪುರದ್ದು, ಇನ್ನೊಂದು ಟೋಕಿಯೊದ್ದು. ಸಂಬಳವನ್ನು ರೂಪಾಯಿಗೆ ತಿರುಗಿಸಿ, ಬಾಡಿಗೆ ಕಳೆದು, ಎಲ್ಲಿ ಜಾಸ್ತಿ ಉಳಿಯುತ್ತದೆ ಅಂತ ಕೇಳುತ್ತಾರೆ. ಎರಡೂ ಕಡೆ ದುಡಿದು ಈಗ ವಿದ್ಯಾನಗರದಲ್ಲಿ ಕೂತಿರುವ ನಾನು ಹೇಳುವುದು ಇಷ್ಟೇ: ತಿಂಗಳ ಲೆಕ್ಕ ಯಾರಾದರೂ ಮಾಡುತ್ತಾರೆ. ಲೆಕ್ಕ ಕೈ ಕೊಡುವುದು ಎರಡನೇ ವರ್ಷದಲ್ಲಿ ಮತ್ತು ವಾಪಸ್ ಬರುವ ವರ್ಷದಲ್ಲಿ.

ಸಿಂಗಪುರದ್ದು ಬೇಗ ಮುಗಿಸುತ್ತೇನೆ. ಬಾಡಿಗೆ ಕುತ್ತಿಗೆ ಹಿಡಿಯುತ್ತದೆ, ಎಚ್‌ಡಿಬಿ (ಅಲ್ಲಿನ ಸರ್ಕಾರಿ ವಸತಿ ಮಂಡಳಿ) ಫ್ಲ್ಯಾಟಿನ ಒಂದು ರೂಮಿಗೇ ಸಾವಿರ ಸಿಂಗಪುರ ಡಾಲರ್ ಆಸುಪಾಸು. ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಅದನ್ನು ಕೊಡುವಂತೆಯೂ ಇಲ್ಲ. ಕಾರಿನ ಆಸೆ ಬಿಡಿ. ಹಾಕರ್ ಸೆಂಟರಿನಲ್ಲಿ, ಅಂದರೆ ಅಗ್ಗದ ಊಟದ ಅಂಗಡಿಗಳ ಸಾಲಿನಲ್ಲಿ, ಐದಾರು ಡಾಲರಿಗೆ ಊಟ ಆಗುತ್ತದೆ, ತೇಕ್ಕಾ ಮಾರ್ಕೆಟ್ಟಿನಲ್ಲಿ ಕರಿಬೇವಿನಿಂದ ನುಗ್ಗೇಕಾಯಿವರೆಗೆ ಎಲ್ಲ ಸಿಗುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ. ಅಲ್ಲಿ ತಿಂಗಳು ತಿಂಗಳು ಸಂಬಳದಲ್ಲಿ ತೆರಿಗೆ ಹಿಡಿಯುವುದಿಲ್ಲ. ಮರುವರ್ಷ ಒಟ್ಟಿಗೆ ನೋಟಿಸ್ ಬರುತ್ತದೆ, ಗೈರೊ (ಬ್ಯಾಂಕ್ ಖಾತೆಯಿಂದ ತಾನಾಗಿ ಮುರಿದುಕೊಳ್ಳುವ ಏರ್ಪಾಟು) ಮಾಡಿಸಿಕೊಂಡರೆ ಬಡ್ಡಿಯಿಲ್ಲದ 12 ಕಂತು. ಟಿಡಿಎಸ್ ಅಭ್ಯಾಸವಾದ ನಮ್ಮವರು ಖಾತೆಗೆ ಬಂದದ್ದೆಲ್ಲ ನಮ್ಮದೇ ಅಂದುಕೊಂಡು ಊರಲ್ಲಿ ಸೈಟಿಗೆ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕೆಲಸ ಬಿಡುವಾಗ ಕಂಪನಿ ತೆರಿಗೆ ಇಲಾಖೆಗೆ ವಿಷಯ ತಿಳಿಸುವ ಐಆರ್21 ಫಾರಂ ಹಾಕಿ, ತೆರಿಗೆ ಇತ್ಯರ್ಥ ಆಗುವವರೆಗೆ ನಿಮಗೆ ಬರಬೇಕಾದ ದುಡ್ಡನ್ನು ತಡೆದಿಟ್ಟುಕೊಳ್ಳುತ್ತದೆ. ಹಾಗಾಗಿ ಕೊನೇ ಸಂಬಳದಲ್ಲಿ ಟಿಕೆಟ್ ತಗೊಳ್ಳುವ ಪ್ಲಾನ್ ನಡೆಯುವುದಿಲ್ಲ. ಆದರೂ ನನಗೆ ಈ ಪದ್ಧತಿಯೇ ಇಷ್ಟ. ಲೆಕ್ಕ ಚುಕ್ತಾ ಮಾಡಿಸಿ ಕಳಿಸುತ್ತಾರೆ, ಬೆನ್ನ ಹಿಂದೆ ಏನೂ ಉಳಿಯುವುದಿಲ್ಲ.

ಜಪಾನಿನದು ಹಾಗಲ್ಲ. ಆದಾಯ ತೆರಿಗೆಯನ್ನು ಸಂಬಳದಲ್ಲೇ ಹಿಡಿದು, ಡಿಸೆಂಬರಿನಲ್ಲಿ ಕಂಪನಿಯೇ ಹೊಂದಿಸಿ ಮುಗಿಸುತ್ತದೆ. ಅದರಲ್ಲಿ ತಲೆನೋವಿಲ್ಲ. ತಲೆನೋವು ಜೂಮಿನ್‌ಜೇ ಅನ್ನುವ ನಿವಾಸಿ ತೆರಿಗೆಯದ್ದು. ಇದು ನೀವಿರುವ ಊರಿನ ಆಡಳಿತಕ್ಕೆ ಕಟ್ಟುವ ತೆರಿಗೆ. ಎಲ್ಲ ವಿನಾಯಿತಿ ಕಳೆದು ಉಳಿದ ಆದಾಯದ ಮೇಲೆ ಸುಮಾರು ಶೇ. 10. ಲೆಕ್ಕ ಹಾಕುವುದು ಹೋದ ವರ್ಷದ ಆದಾಯಕ್ಕೆ, ಹಿಡಿಯುವುದು ಈ ವರ್ಷದ ಜೂನ್‌ನಿಂದ ಮುಂದಿನ ಮೇವರೆಗೆ.

ಹೊಸದಾಗಿ ಹೋದವರಿಗೆ ಹೋದ ವರ್ಷದ ಜಪಾನ್ ಆದಾಯ ಎಲ್ಲಿರುತ್ತದೆ? ಅದಕ್ಕೇ ಶುರುವಿನಲ್ಲಿ ಕೈಗೆ ಬರುವ ಸಂಬಳ ದಪ್ಪಗೆ ಕಾಣುತ್ತದೆ. 2024ರ ಏಪ್ರಿಲ್‌ನಲ್ಲಿ ಸೇರಿದವನಿಗೆ 2025ರ ಜೂನ್‌ನಲ್ಲಿ ಮೊದಲ ಪೆಟ್ಟು, ಅದೂ ಒಂಬತ್ತು ತಿಂಗಳ ಆದಾಯಕ್ಕೆ ಮಾತ್ರ. 2026ರ ಜೂನ್‌ನಲ್ಲಿ ಪೂರ್ತಿ ವರ್ಷದ್ದು. ಅಂದರೆ ಸಂಬಳ ಏರದಿದ್ದರೆ ಕೈಗೆ ಬರುವುದು ಎರಡು ಸಲ ಇಳಿಯುತ್ತದೆ. ಮೊದಲ ವರ್ಷದ ಸಂಬಳ ನಂಬಿ ಇಲ್ಲಿ ಮನೆ ಸಾಲದ ಇಎಂಐ ಕಟ್ಟಿಸಿಕೊಂಡವರು ಆ ಜೂನ್‌ನಲ್ಲಿ ಫೋನ್ ಮಾಡುತ್ತಾರೆ, ನಾನು ಕಾಯುತ್ತಲೇ ಇರುತ್ತೇನೆ.

ಇನ್ನು ಅಸಲಿ ಗುಂಡಿ. ಈ ತೆರಿಗೆ ಯಾರ ಮೇಲೆ ಬೀಳುತ್ತದೆ ಅನ್ನುವುದು ತೀರ್ಮಾನವಾಗುವುದು ಒಂದೇ ದಿನ, ಜನವರಿ 1. ಆ ದಿನ ನಿಮ್ಮ ವಿಳಾಸ ಅಲ್ಲಿದ್ದರೆ, ಹಿಂದಿನ ಇಡೀ ವರ್ಷದ ಆದಾಯಕ್ಕೆ ನೀವು ನಿವಾಸಿ ತೆರಿಗೆ ಕಟ್ಟಬೇಕು. ವರ್ಷಾಂತ್ಯದ ರಜೆ ಶುರುವಾಗುವ ಮೊದಲೇ ವಾರ್ಡ್ ಆಫೀಸಿನಲ್ಲಿ (ಊರಿನ ಆಡಳಿತ ಕಚೇರಿ) ಹೊರಹೋಗುವ ಅರ್ಜಿ ಕೊಟ್ಟು, ಡಿಸೆಂಬರ್ ಮುಗಿಯುವುದರೊಳಗೆ ನಿಜವಾಗಿ ಹೊರಟಿದ್ದರೆ ಆ ವರ್ಷದ್ದು ಬರುವುದೇ ಇಲ್ಲ.

ನಿಟ್ಟುವಳ್ಳಿ ಕಡೆಯ ಒಬ್ಬ ಹುಡುಗ ವಾಪಸ್ ಬರಲು ತೀರ್ಮಾನಿಸಿದ್ದ. ಡಿಸೆಂಬರ್ ಕೊನೆಯಲ್ಲಿ ವಿಮಾನದ ಟಿಕೆಟ್ ದುಬಾರಿ. ಜನವರಿ ಎರಡನೇ ವಾರದ್ದು ಅಗ್ಗ, ಸಂಕ್ರಾಂತಿಗೂ ಸರಿಯಾಗಿ ಮನೆ ಸೇರಬಹುದು, ಇನ್ನೇನು ಬೇಕು? ವರ್ಷಕ್ಕೆ 50 ಲಕ್ಷ ಯೆನ್ ಸಂಬಳ. ಬರೀ ಆ ಒಂದು ತಾರೀಖಿನಿಂದ ಅವನ ತಲೆಗೆ ಬಂದದ್ದು 2.4 ಲಕ್ಷ ಯೆನ್ ಹತ್ತಿರ, ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಟಿಕೆಟ್‌ನಲ್ಲಿ ಉಳಿಸಿದ್ದು ಕೆಲವು ಸಾವಿರ. ಮೇಲಿನಿಂದ, ಜನವರಿಯಿಂದ ಏಪ್ರಿಲ್ ಒಳಗೆ ಕೆಲಸ ಬಿಟ್ಟರೆ ಮೇವರೆಗಿನ ಹಳೇ ಕಂತುಗಳನ್ನೂ ಕೊನೇ ಸಂಬಳದಲ್ಲಿ ಒಟ್ಟಿಗೆ ಮುರಿದುಕೊಳ್ಳುತ್ತಾರೆ. ಅದನ್ನು ಕಂಡು ಅವನು ಎಲ್ಲ ತೀರಿತು ಅಂದುಕೊಂಡ. ಜೂನ್‌ನಲ್ಲಿ ಹೊಸ ಬಿಲ್ಲು ಬೇರೆ ಬಂತು.

ಬಂದ ಮೇಲೆ ಕಟ್ಟದಿದ್ದರೆ ಏನು ಮಾಡುತ್ತಾರೆ ಅಂತ ಕೇಳುವ ಜಾಣರೂ ಇದ್ದಾರೆ. ಹಾಗೆ ಮಾಡಬೇಡಿ. ನಾಳೆ ಮತ್ತೆ ಹೋಗಿ ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಿದರೆ ತೆರಿಗೆ ಕಟ್ಟಿದ ದಾಖಲೆಯನ್ನೇ ಮೊದಲು ನೋಡುತ್ತಾರೆ. ಜನವರಿ ದಾಟಿ ಹೊರಡಲೇಬೇಕಾದರೆ, ನಿಮ್ಮ ಪರವಾಗಿ ಬಿಲ್ಲು ಪಡೆದು ಕಟ್ಟುವವರೊಬ್ಬರನ್ನು ವಾರ್ಡ್ ಆಫೀಸಿನಲ್ಲಿ ಮೊದಲೇ ನೋಂದಾಯಿಸಿ. ಅಲ್ಲಿ ಸಂಬಳದಲ್ಲಿ ಹಿಡಿದ ಪೆನ್ಷನ್ ದುಡ್ಡು ಒಟ್ಟಿಗೆ ವಾಪಸ್ ಪಡೆಯುವವರಿಗೂ ಅಲ್ಲೊಬ್ಬರು ಬೇಕು. ಅದರಲ್ಲಿ ಶೇ. 20.42 ತೆರಿಗೆ ಹಿಡಿದೇ ಕಳಿಸುತ್ತಾರೆ, ಅದನ್ನು ಬಿಡಿಸಿಕೊಳ್ಳಲು ಅಲ್ಲಿನ ತೆರಿಗೆ ಕಚೇರಿಯಲ್ಲಿ ಪ್ರತಿನಿಧಿ ಇರಬೇಕು. ಇದು ಬೇರೆ ಕಚೇರಿ, ಬೇರೆ ಅರ್ಜಿ. ಪೆನ್ಷನ್ ವಾಪಸಾತಿಗೆ ಎರಡು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ. ಇಲ್ಲಿನ ಕಂಪನಿ ಡೆಪ್ಯುಟೇಶನ್ ಮೇಲೆ ಕಳಿಸುತ್ತಿದ್ದರೆ ಈ ಪೆನ್ಷನ್ ಗೋಳೇ ಬೇಡ. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಪಿಎಫ್‌ಒದಿಂದ (ನಮ್ಮ ಪಿಎಫ್ ಕಚೇರಿ) ಸರ್ಟಿಫಿಕೇಟ್ ಆಫ್ ಕವರೇಜ್, ಅಂದರೆ ಇಲ್ಲಿನ ಪಿಎಫ್‌ನಲ್ಲೇ ಇದ್ದೀರಿ ಅನ್ನುವ ಪತ್ರ, ತಗೊಂಡು ಹೋದರೆ ಐದು ವರ್ಷದವರೆಗೆ ಅಲ್ಲಿ ಪೆನ್ಷನ್ ಕಟ್ಟಬೇಕಿಲ್ಲ.

ಇಷ್ಟೆಲ್ಲ ಬೈದರೂ ಹೆಂಡತಿ ಮಕ್ಕಳೊಂದಿಗೆ ಹೋಗುವವರಿಗೆ ನಾನು ಜಪಾನ್ ಅಂತಲೇ ಹೇಳುತ್ತೇನೆ. ಸಿಂಗಪುರದಲ್ಲಿ ಕುಟುಂಬದ ಪಾಸ್ ಬೇಕೆಂದರೆ ತಿಂಗಳಿಗೆ ಕನಿಷ್ಠ 6,000 ಡಾಲರ್ ಸಂಬಳ ಇರಬೇಕು, ಹೆಂಡತಿ ಕೆಲಸ ಮಾಡಬೇಕೆಂದರೆ ಅವರಿಗೇ ಬೇರೆ ವರ್ಕ್ ಪಾಸ್ ಬೇಕು. ಜಪಾನಿನಲ್ಲಿ ಅನುಮತಿ ತಗೊಂಡರೆ ವಾರಕ್ಕೆ 28 ಗಂಟೆ ದುಡಿಯಬಹುದು. ಆಸ್ಪತ್ರೆ ಬಿಲ್ಲಿನಲ್ಲಿ ನಾವು ಕೊಡುವುದು ಶೇ. 30 ಮಾತ್ರ. ಕಂಪನಿಯ ವಿಮೆಯಲ್ಲಿ ಹೆಂಡತಿ ಮಕ್ಕಳಿಗೆ ಪ್ರತ್ಯೇಕ ಕಂತಿಲ್ಲ, ಹೆರಿಗೆಗೆ 5 ಲಕ್ಷ ಯೆನ್ ಸಿಗುತ್ತದೆ. ಸರ್ಕಾರಿ ಶಾಲೆಗೆ ಫೀಸಿಲ್ಲ. ಒಬ್ಬನೇ ಹೋಗಿ ಎರಡು ಮೂರು ವರ್ಷ ದುಡಿದು ಬರುವವನಿಗೆ ಮಾತ್ರ ಸಿಂಗಪುರವೇ ಸರಿ.

ಜಪಾನ್ ಆರಿಸಿಕೊಂಡವರಿಗೆ ಮನೆ ವಿಷಯ ಒಂದು. ಇಲ್ಲಿ ಪಿ.ಜೆ. ಬಡಾವಣೆಯಲ್ಲಿ ಮನೆ ಹಿಡಿದರೆ ಅಡ್ವಾನ್ಸ್ ವಾಪಸ್ ಬರುತ್ತದೆ, ಅಲ್ವಾ? ಅಲ್ಲಿ ಡೆಪಾಸಿಟ್ ಬೇರೆ, ರೇಕಿನ್ ಬೇರೆ. ರೇಕಿನ್ ಅಂದರೆ ಮಾಲೀಕರಿಗೆ ಕಾಣಿಕೆ, ಅದು ಹೋಯಿತು ಅಂತಲೇ ತಿಳಿಯಿರಿ. ಬ್ರೋಕರ್ ಫೀಸು, ಜಾಮೀನು ಕಂಪನಿಯ ಫೀಸು, ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ ಒಂದು ತಿಂಗಳ ಬಾಡಿಗೆ. ಇವೆಲ್ಲ ಬೇಡ ಅಂದರೆ ಯುಆರ್ ಮನೆ ಕೇಳಿ. ಅರೆಸರ್ಕಾರಿ ಸಂಸ್ಥೆಯ ಮನೆಗಳು, ರೇಕಿನ್ ಇಲ್ಲ, ಬ್ರೋಕರ್ ಇಲ್ಲ, ಜಾಮೀನು ಇಲ್ಲ, ನವೀಕರಣ ಫೀಸೂ ಇಲ್ಲ. ಕಟ್ಟಡ ಹಳೆಯದಿರಬಹುದು, ಸ್ಟೇಷನ್ ಸ್ವಲ್ಪ ದೂರವಿರಬಹುದು. ಆದರೆ ಆಫೀಸಿಗೆ ಹೋಗುವ ರೈಲ್ ಪಾಸಿನ ದುಡ್ಡು ಹೆಚ್ಚಿನ ಕಂಪನಿಗಳು ಕೊಡುತ್ತವೆ, ದೂರಕ್ಕೆ ಹೆದರಬೇಡಿ.