ರೂಪ ಬದಲಿಸುವ ಜನಾಂಗಕ್ಕೆ ಮೊದಲು ಮಿತಿ ಬರೆಯಿರಿ
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಗೆ ನಿಮ್ಮದೇ ರೂಪ ಬದಲಿಸುವ ಜನಾಂಗ ಮಾಡುತ್ತಿದ್ದೀರಾ? ಬದಲಾಗುವುದು ಬರೀ ಮುಖವೋ, ಮೈಯ ಶಕ್ತಿಯೂ ಸೇರಿಯೋ ಅನ್ನುವುದನ್ನು ಮೊದಲು ತೀರ್ಮಾನಿಸಿ. ಬರೀ ಮುಖವಾದರೆ ತಲೆನೋವು ಕಡಿಮೆ. ಆಟದಲ್ಲಿ ಈಗಾಗಲೇ ಇರುವ ರೂಪ ಬದಲಿಸುವ ಜನಾಂಗ ಚೇಂಜ್‌ಲಿಂಗ್ ಎಷ್ಟು ಸಲ ಬೇಕಾದರೂ ರೂಪ ಬದಲಿಸಬಹುದು, ಆದರೆ ಸ್ಟ್ಯಾಟ್ಸ್ (ಬಲ, ಚುರುಕುತನದಂಥ ಅಂಕಗಳು) ಹಾಗೇ ಇರುತ್ತವೆ, ಬಟ್ಟೆಯೂ ಬದಲಾಗುವುದಿಲ್ಲ. ಈ ಬಟ್ಟೆಯ ನಿಯಮ ನನಗೆ ಬಹಳ ಇಷ್ಟ. ಕಾವಲುಗಾರನ ಮುಖ ಬಂದರೂ ಅವನ ಸಮವಸ್ತ್ರ ಕದಿಯಲೇಬೇಕು, ಅಲ್ವಾ?

ಪ್ರಾಣಿಯ ರೂಪ ಕೊಡುವುದಾದರೆ ಹುಷಾರು. 2014ರ ನಿಯಮದಲ್ಲಿ ಡ್ರೂಯಿಡ್‌ಗೇ (ಪ್ರಕೃತಿಯ ಮಂತ್ರಶಕ್ತಿ ಬಳಸುವ ಪಾತ್ರ) ವೈಲ್ಡ್ ಶೇಪ್, ಅಂದರೆ ಪ್ರಾಣಿಯಾಗುವ ಶಕ್ತಿ, ಸಿಗುವುದು 2ನೇ ಲೆವೆಲ್‌ನಲ್ಲಿ, ಹಾರುವ ರೂಪ 8ರಲ್ಲಿ. ನೀವು ಅದನ್ನು 1ನೇ ಲೆವೆಲ್‌ನಲ್ಲೇ ಕೊಟ್ಟರೆ ಡ್ರೂಯಿಡ್ ಆಡುವವರು ಸುಮ್ನೆ ಕೂರಬೇಕಾಗುತ್ತದೆ. ಒಂದೇ ರೂಪ ಕೊಡಿ. ಒಂದು ಲಾಂಗ್ ರೆಸ್ಟ್‌ಗೆ (ಪಾತ್ರದ ದೀರ್ಘ ವಿಶ್ರಾಂತಿ) ಪ್ರೊಫಿಷಿಯೆನ್ಸಿ ಬೋನಸ್‌ನಷ್ಟು (ಲೆವೆಲ್ ಜೊತೆ ಏರುವ ಅಂಕ) ಸಲ ಸಾಕು. ರೂಪಕ್ಕೆ ಬೇರೆ ಹಿಟ್ ಪಾಯಿಂಟ್ (ಪೆಟ್ಟು ತಿಂದಂತೆ ಇಳಿಯುವ ಪ್ರಾಣದ ಅಂಕ) ಮಾತ್ರ ಬೇಡ.