ಹಕ್ಕಿಗಳ ಸಂರಕ್ಷಣೆಗೆ ದೇಣಿಗೆ ನೀಡುವ ಮುನ್ನ

ದೇಣಿಗೆ ನೀಡುವವರು ಮೊದಲು ಸಂಸ್ಥೆಯ ನೋಂದಣಿಯನ್ನೂ ಲೆಕ್ಕಪರಿಶೋಧನೆಗೆ ಒಳಪಟ್ಟ ವಾರ್ಷಿಕ ವರದಿಯನ್ನೂ ಪರಿಶೀಲಿಸಬೇಕು. ಆಡಳಿತ ವೆಚ್ಚ ಕಡಿಮೆಯೆಂಬ ಒಂದೇ ಕಾರಣಕ್ಕೆ ಸಂಸ್ಥೆಯೊಂದನ್ನು ಮೆಚ್ಚುವುದು ಸರಿಯಲ್ಲ. ಹಕ್ಕಿಗಳನ್ನು ಎಣಿಸುವವರಿಗೂ ಗೂಡು ಕಾಯುವವರಿಗೂ ಸಂಬಳ ಬೇಕಲ್ಲವೇ? ಅದಕ್ಕಿಂತ ಮುಖ್ಯವಾದುದು ಕೆಲಸದ ಫಲ. ಮೀನುಗಾರಿಕೆಯ ಉದ್ದನೆಯ ಗಾಳದ ಸಾಲುಗಳಿಗೆ ಸಿಕ್ಕಿ ಸಾಯುವ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳನ್ನು ದೂರವಿಡಲು ಹಡಗಿನ ಹಿಂಬದಿಯಲ್ಲಿ ಬಣ್ಣದ ಪಟ್ಟಿಗಳು ತೂಗುವ ಹಗ್ಗ ಕಟ್ಟುವುದು, ಕಡಲಹಕ್ಕಿಗಳು ಮೊಟ್ಟೆಯಿಡುವ ದ್ವೀಪಗಳಿಂದ ಹೊರಗಿನಿಂದ ಬಂದು ಸೇರಿದ ಇಲಿಗಳನ್ನು ನಿರ್ಮೂಲಗೊಳಿಸುವುದು ಮುಂತಾದ, ಪರಿಣಾಮವನ್ನು ಅಳೆಯಬಹುದಾದ ಯೋಜನೆಗಳಿಗೆ ಆದ್ಯತೆ ಕೊಡಿ. 1922ರಲ್ಲಿ ಆರಂಭವಾದ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್‌ನ ಜಾಲದಲ್ಲಿ ಅನೇಕ ದೇಶಗಳ ಸಂಸ್ಥೆಗಳಿರುವುದರಿಂದ ಹುಡುಕಾಟವನ್ನು ಅಲ್ಲಿಂದ ತೊಡಗಬಹುದು. ಗೂಡುಕಟ್ಟುವ ನೆಲೆಗಳ ಕಾವಲು ವರ್ಷಗಟ್ಟಲೆ ನಡೆಯುವ ಕೆಲಸವಾದ್ದರಿಂದ, ಒಮ್ಮೆ ಕೊಟ್ಟು ಮರೆಯುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ತಲುಪುವ ಸಣ್ಣ ಮೊತ್ತವೇ ಸಂಸ್ಥೆಗಳಿಗೆ ಹೆಚ್ಚು ಅನುಕೂಲಕರ. ರಸೀದಿ ಪಡೆಯಲು ಮರೆಯಬೇಡಿ.